ಮ, ಪಕ್ಕದಲ್ಲಿ ಆಮೆ

ಪುಣೆಯ ಖಡ್ಕಿಯಲ್ಲಿರುವ ನಮ್ಮ ಧಾರವಾಡದ ನಿವೃತ್ತ ಕರ್ನಲ್ ಮನೆಗೆ ಇಂದು ಜೋಳದ ಹಿಟ್ಟು ಕೊಡಲು ಹೋಗಿದ್ದೆ. ಅಟ್ಟ ಖಾಲಿ ಮಾಡುತ್ತಿದ್ದರು.

ರದ್ದಿಯ ರಾಶಿಯಲ್ಲಿ ಅಂಗೈಯಗಲದ ಒಂದು ನೋಟ್‌ಬುಕ್. ಪದಗಳು ರಷ್ಯನ್, ಲಿಪಿ ಮಾತ್ರ ಕನ್ನಡ!

ಸ್ಪಸೀಬಾ – ಧನ್ಯವಾದ.
ಖೊಲದ್ನ – ಚಳಿ.
ಖ್ಲೆಪ್ – ರೊಟ್ಟಿ (ನಮ್ಮದಲ್ಲ).

ಅರ್ಧ ವೃತ್ತಿಜೀವನವನ್ನು ವಿದೇಶಿ ತಂತ್ರಜ್ಞರ ಎದುರು ಮೇಜಿನಾಚೆ ಕುಳಿತು ಕಳೆದವರು ಅವರು. ಬ್ರಹ್ಮೋಸ್ ಕ್ಷಿಪಣಿಯ ಹೆಸರಿನಲ್ಲಿ ಬ್ರಹ್ಮಪುತ್ರವೂ ಇದೆ, ಮಾಸ್ಕ್ವಾ ನದಿಯೂ ಇದೆ. ಅದನ್ನು ತಯಾರಿಸುವ ಜಂಟಿ ಸಂಸ್ಥೆಯಲ್ಲಿ ಭಾರತದ ಪಾಲು ಶೇ 50.5, ರಷ್ಯಾದ್ದು 49.5. ‘ಆ ಅರ್ಧ ಶೇಕಡಕ್ಕೆ ಎಷ್ಟು ಕಪ್ ಚಹಾ ಖರ್ಚಾಗಿರಬಹುದು?’ ಎಂದು ಕೇಳಿದೆ. ನಕ್ಕರು, ಅಷ್ಟೇ. ಈ ಜನ ನಿವೃತ್ತರಾದ ಮೇಲೂ ಬಾಯಿ ಬಿಡುವುದಿಲ್ಲ.

ಒಂದು ಪುಟದಲ್ಲಿ ಮಾತ್ರ ನಮ್ಮ ಅಕ್ಷರಮಾಲೆ ಸೋತಿದೆ. ಇ-ಕಾರವೂ ಅಲ್ಲದ, ಉ-ಕಾರವೂ ಅಲ್ಲದ ಒಂದು ರಷ್ಯನ್ ಸ್ವರ. ಎಲ್ಲಿ ಬಂದರೂ ಅಲ್ಲೊಂದು ಪುಟ್ಟ ಆಮೆ ಬಿಡಿಸಿದ್ದಾರೆ. ಏಕೆ ಆಮೆ? ‘ನಾಲಿಗೆ ಹಿಂದಕ್ಕೆ ಸರಿಯಬೇಕು, ಆಮೆಯ ತಲೆಯ ಹಾಗೆ’ ಎಂದರು.

ರಷ್ಯನ್ನಿನಲ್ಲಿ ‘ನಾವು’ ಎನ್ನಲು ಅದೇ ಸ್ವರ ಬೇಕು. ನೋಟ್‌ಬುಕ್ಕಿನಲ್ಲಿ ಅದು ಹೀಗಿದೆ: ಮ, ಪಕ್ಕದಲ್ಲಿ ಆಮೆ.

ದಾರಿಯುದ್ದಕ್ಕೂ ಅದನ್ನೇ ಉಚ್ಚರಿಸುತ್ತ ಬಂದೆ. ರಿಕ್ಷಾದವನು ಎರಡು ಸಲ ತಿರುಗಿ ನೋಡಿದ.

ಹಿಟ್ಟಿನ ಡಬ್ಬ ಅಲ್ಲೇ ಮರೆತಿದ್ದೇನೆ.