ಹಾಲಿನ ಪಾಕೀಟಿನಂಥ ಅಂಗಿ

ಏಪ್ರಿಲ್ ಬಂತೆಂದರೆ ಆಡಿಟ್ ಆಫೀಸಿನವರಿಗೆ ಊರೂರು ಸುತ್ತುವ ಕಾಲ. ಮಾರ್ಚ್ 31ಕ್ಕೆ ಮುಗಿದ ಲೆಕ್ಕ ನೋಡಲು ಬ್ಯಾಂಕ್ ಶಾಖೆಗಳಿಗೆ ಹೋಗಬೇಕು. ಎರಡು ವರ್ಷದ ಹಿಂದೆ ನನ್ನ ಪಾಲಿಗೆ ಬಂದದ್ದು ಕಲಬುರಗಿ ಕಡೆಯ ಒಂದು ಶಾಖೆ. ನಾನು ಮೈಸೂರಿನವನು. 35 ಡಿಗ್ರಿ ದಾಟಿದರೆ ಅಯ್ಯಪ್ಪಾ ಅನ್ನುವ ಜಾತಿ.

ಹೊರಡುವ ಮುನ್ನ ಒಂದು ಹೊಸ ಶರ್ಟ್ ಕೊಂಡೆ. ತಿಳಿ ನೀಲಿ ಬಣ್ಣ, ಸ್ಲಿಮ್ ಫಿಟ್, ಇಸ್ತ್ರಿಯೇ ಬೇಡ ಅಂತ ಡಬ್ಬಿ ಮೇಲೆ ಬರೆದಿತ್ತು. 1,899 ರೂಪಾಯಿ. ಮುಟ್ಟಿದರೆ ತೆಳ್ಳಗೆ, ನುಣ್ಣಗೆ. ಇಷ್ಟು ತೆಳ್ಳಗಿದೆ ಅಂದಮೇಲೆ ತಂಪಾಗಿಯೇ ಇರುತ್ತೆ ಅಲ್ವಾ ಅಂದುಕೊಂಡೆ. ಒಳಗಡೆಯ ಪುಟ್ಟ ಪಟ್ಟಿಯನ್ನು ಓದಲೇ ಇಲ್ಲ. ಊರವರ ಲೆಕ್ಕವನ್ನೆಲ್ಲ ಗೆರೆಗೆರೆ ಓದುವವನು!

ಕಲಬುರಗಿ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಇಳಿದಾಗಲೇ ಗಾಳಿ ಬಿಸಿಯಿತ್ತು. ಲಾಡ್ಜಿನಲ್ಲಿ ಸ್ನಾನ ಮುಗಿಸಿ, ಹೊಸ ಶರ್ಟ್ ಹಾಕಿ, ಸೆಖೆ ಅಂತ ಬನಿಯನ್ ಬಿಟ್ಟು ಹೊರಟೆ. ಶಾಖೆಗೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಹೋಗಿ ನೋಡಿದರೆ ಅಲ್ಲಿ ಏಸಿ ಕೆಟ್ಟು ಮೂರು ದಿನವಾಗಿತ್ತು. ಹನ್ನೊಂದಕ್ಕೆ ಕರೆಂಟೂ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ನನ್ನ ಸ್ಥಿತಿ ಹೇಳಬಾರದು. ಶರ್ಟ್ ಬೆನ್ನಿಗೆ ಅಂಟಿಕೊಂಡಿತ್ತು. ಕೈ ಎತ್ತಿ ಲೆಡ್ಜರ್ ತೆಗೆದರೆ ಇಡೀ ಅಂಗಿ ಜೊತೆಗೇ ಎದ್ದು ಬರುತ್ತಿತ್ತು. ತಿಳಿ ನೀಲಿಗೆ ಒಂದು ದುರ್ಗುಣ ಇದೆ: ಬೆವರು ಬಿದ್ದಲ್ಲಿ ಕಡುನೀಲಿ ಆಗಿಬಿಡುತ್ತದೆ. ಬಿಳಿ ಅಷ್ಟು ಚಾಡಿ ಹೇಳಲ್ಲ. ಮ್ಯಾನೇಜರ್ ಸಾಹೇಬರು ನನ್ನ ಬೆನ್ನು ನೋಡಿ, "ಆಡಿಟರ್ರ, ಕರ್ನಾಟಕದ ನಕ್ಷಾ ಬರೀಲಿಕ್ಕತ್ತೀರಿ, ಇನ್ನ ಬೀದರ್ ಒಂದು ಬಾಕಿ ಅದ" ಅಂದರು. ಅವರು ಮಾತ್ರ ಒರಟಾದ ಬಿಳಿ ಅರ್ಧತೋಳಿನ ಅಂಗಿಯಲ್ಲಿ ಆರಾಮಾಗಿ ಕೂತಿದ್ದರು. ನನ್ನದಕ್ಕಿಂತ ದಪ್ಪ ಬಟ್ಟೆ ಅದು. ಅದೇ ನನಗೆ ಅರ್ಥವಾಗಲಿಲ್ಲ.

ಸಂಜೆ ಕಲಬುರಗಿಗೆ ವಾಪಸ್ ಬಂದು ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಸುಮ್ನೆ ತಿರುಗಾಡುವಾಗ ಒಂದು ಟೈಲರ್ ಅಂಗಡಿ ಕಂಡಿತು. ಕಾಲರ್‌ನ ಗುಂಡಿ ಕಿತ್ತಿತ್ತು, ಹಾಕಿಸೋಣ ಅಂತ ಹೊಕ್ಕೆ. ವಯಸ್ಸಾದ ಟೈಲರ್ ಶರ್ಟ್ ಕೈಗೆ ತೊಗೊಂಡು ಗುಂಡಿ ನೋಡಲೇ ಇಲ್ಲ. ಪಟ್ಟಿ ತಿರುಗಿಸಿ ಓದಿದರು. 65 ಭಾಗ ಪಾಲಿಯೆಸ್ಟರ್, 35 ಭಾಗ ಕಾಟನ್. "ಇದು ಅಂಗಿ ಅಲ್ರಿ, ಹಾಲಿನ ಪಾಕೀಟು" ಅಂದರು.

ಆಮೇಲೆ ಬಟ್ಟೆಯನ್ನು ಬಾಯಿಗೆ ಹಿಡಿದು ಊದಲು ಹೇಳಿದರು. ಊದಿದೆ. ಉಸಿರು ವಾಪಸ್ ನನ್ನ ಮುಖಕ್ಕೇ ಹೊಡೆಯಿತು. ಪಕ್ಕದಲ್ಲಿದ್ದ ಒಂದು ಖಾದಿ ತುಂಡು ಕೊಟ್ಟರು. ಊದಿದರೆ ಆಚೆ ಹಿಡಿದ ಅಂಗೈಗೆ ತಣ್ಣಗೆ ತಾಗಿತು. ಮೇಜಿನ ಮೇಲೆ ಎರಡನ್ನೂ ಹರಡಿ ಬೆರಳಿಂದ ಒಂದೊಂದು ಹನಿ ನೀರು ಹಾಕಿದರು. ಖಾದಿಯಲ್ಲಿ ಹನಿ ತಕ್ಷಣ ರೂಪಾಯಿ ಅಗಲ ಹರಡಿತು. ನನ್ನ ಶರ್ಟಿನ ಮೇಲೆ ಮುತ್ತಿನ ಹಾಗೆ ಕೂತೇ ಇತ್ತು. ನೂಲು ನೀರು ಕುಡಿಯಬೇಕು, ಗಾಳಿ ಹಾಯಬೇಕು, ಆಗ ಬೆವರು ಆರಿ ಮೈ ತಂಪಾಗುತ್ತದೆ, ತೆಳು ದಪ್ಪ ಆಮೇಲಿನ ಮಾತು ಅಂದರು. ಕೈಯಿಂದ ನೂತ ನೂಲು ಒಂದೇ ಸಮ ಇರಲ್ಲ, ಅದಕ್ಕೇ ಖಾದಿಯಲ್ಲಿ ಸಣ್ಣ ಸಣ್ಣ ಸಂದು ಉಳಿಯುತ್ತದಂತೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ ಅಂತ ಗೊತ್ತಿತ್ತು. ಅದು ಬಿಟ್ಟರೆ ಖಾದಿ ಅಂದರೆ ನನಗೆ ರಾಜಕಾರಣಿಗಳ ಬಟ್ಟೆ, ಅಷ್ಟೆ. ಲಿನನ್ ತೊಗೊಳ್ಳಲಾ ಅಂತ ಕೇಳಿದೆ. ತಂಪು ಹೌದು, ಆದರೆ ಕೂತು ಎದ್ದರೆ ಹಾಸಿಗೆಯಿಂದ ಎದ್ದು ಬಂದ ಹಾಗೆ ಕಾಣ್ತೀರಿ ಅಂದರು. ಖಾದಿ ಭಂಡಾರದಿಂದ 36 ಇಂಚು ಅಗಲದ ಬಿಳಿ ಬಟ್ಟೆ ಎರಡೂಕಾಲು ಮೀಟರ್ ತಂದೆ. ತಕ್ಷಣ ಕತ್ತರಿ ಹಾಕಲು ಅವರು ಒಪ್ಪಲಿಲ್ಲ. "ರಾತ್ರಿ ನೀರಾಗ ನೆನೆಸಿ ತರ್ರಿ, ಇಲ್ಲಾಂದ್ರ ಮೊದಲ ಒಗೆತಕ್ಕ ನಿಮ್ಮ ತಮ್ಮಂದು ಆಗ್ತದ." ಲಾಡ್ಜಿನ ಬಕೆಟ್ಟಿನಲ್ಲಿ ನೆನೆಸಿ, ಕಿಟಕಿಗೆ ಕಟ್ಟಿ ಒಣಗಿಸಿದೆ. ಬೆಳಿಗ್ಗೆ ಅವರು ಟೇಪ್ ಹಿಡಿದರೆ ಎರಡೂವರೆ ಇಂಚು ಕಮ್ಮಿ!

ಅಳತೆ ಕೊಡುವಾಗ ಸಣ್ಣ ಜಗಳವೇ ಆಯಿತು. ನನ್ನ ಎದೆ 38. ಟೈಟ್ ಇರಲಿ ಅಂತ ನಾನು. ಕನಿಷ್ಠ ನಾಲ್ಕು ಇಂಚು ಸಡಿಲ ಬೇಕು, ಬಿಸಿಲಲ್ಲಿ ಅಂಗಿ ಮೈಗೆ ಹತ್ತಬಾರದು ಅಂತ ಅವರು. ಬೆನ್ನಿಗೆ ಎರಡು ನೆರಿಗೆ ಕೊಡುತ್ತೇನೆ, ಕೈ ಚಾಚಿದರೂ ಎಳೆಯಲ್ಲ ಅಂದರು. ನನ್ನ ನೀಲಿ ಶರ್ಟಿನ ಪಕ್ಕೆಯ ಹೊಲಿಗೆಯನ್ನು ಉಗುರಿನಿಂದ ಎಣಿಸಿ ತೋರಿಸಿದರು: ಇಂಚಿಗೆ ಹತ್ತು. ಅವರದು ಹದಿನಾರು, ಅದೂ ಅಂಚು ಒಳಗೆ ಮಡಚಿದ್ದು, ಬೆವರಿದ ಚರ್ಮಕ್ಕೆ ಉಜ್ಜಲ್ಲ. ಕಾಲರ್ ನೆಟ್ಟಗೆ ನಿಲ್ಲಲಿ ಅಂತ ಒಳಗೆ ಗೋಂದು ಹಚ್ಚಿ ಅಂಟಿಸುವ ಬಕ್ರಂ ಅನ್ನೋ ಗಟ್ಟಿ ಬಟ್ಟೆಯ ಬದಲು ಮೆತ್ತಗಿನ ಹತ್ತಿ ಕ್ಯಾನ್ವಾಸ್ ಇಟ್ಟು ಹೊಲಿದರು. ಅಂಟಿಸಿದ್ದು ಒಗೆದು ಒಗೆದು ಗೋಂದು ಬಿಟ್ಟರೆ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ. ಬನಿಯನ್ ಬಿಟ್ಟಿದ್ದಕ್ಕೂ ಬೈದರು. ತೆಳ್ಳನೆಯ ಹತ್ತಿ ಬನಿಯನ್ ಮೊದಲ ಬೆವರು ಕುಡಿಯಲಿಕ್ಕೇ ಇರುವುದಂತೆ. ಹೊಲಿಗೆಗೆ ತೊಗೊಂಡದ್ದು 400 ರೂಪಾಯಿ.

ಕೊನೆಯ ದಿನ ಅದನ್ನು ಹಾಕಿ ಶಾಖೆಗೆ ಹೋದೆ. ಏಸಿ ಇನ್ನೂ ರಿಪೇರಿಯಾಗಿರಲಿಲ್ಲ. ಬೆವರು ಬರಲಿಲ್ಲ ಅಂತ ಸುಳ್ಳು ಹೇಳಲ್ಲ, ಧಾರಾಳವಾಗಿ ಬಂತು. ಆದರೆ ಕಿಟಕಿಯಿಂದ ಆ ಬಿಸಿಗಾಳಿ ಬೀಸಿದರೂ ಬೆನ್ನು ತಣ್ಣಗಾಗುತ್ತಿತ್ತು. ಸಂಜೆ ಹೊತ್ತಿಗೆ ಅಂಗಿ ಚೆನ್ನಾಗಿ ಮುದುಡಿತ್ತು. ಮ್ಯಾನೇಜರ್ ಸಾಹೇಬರು ನೋಡಿ, "ಈಗ ನಮ್ಮ ಊರಿನವ್ರಾದ್ರಿ" ಅಂದು ಶಾಖೆಯ ಲೆಕ್ಕಪತ್ರಕ್ಕೆ ಸಹಿ ಹಾಕಿದರು.

ಆ ನೀಲಿ ಶರ್ಟನ್ನು ಸ್ಕೂಟರ್ ಒರೆಸೋಕೆ ಇಟ್ಟಿದ್ದೆ. ಅದಕ್ಕೂ ಬರಲಿಲ್ಲ. ನೀರನ್ನು ಸೀಟಿನ ಈ ತುದಿಯಿಂದ ಆ ತುದಿಗೆ ತಳ್ಳುತ್ತದೆ, ಅಷ್ಟೇ.