ಆಟಕ್ಕುಂಟು, ಲೆಕ್ಕಕ್ಕೂ ಉಂಟು: ಎಂಟನೇ ಕ್ಲಾಸಿನ ಪಿ.ಇ. ಪ್ಲಾನು, ನಾಲ್ಕನೇ ಕರಡು

19 ನಿಮಿಷ 20 ಸೆಕೆಂಡು. ಶುಕ್ರವಾರ ಮೂರನೇ ಪೀರಿಯಡ್, ಅಂದರೆ ಆಟದ ಪೀರಿಯಡ್, ಮುಗಿದಾಗ ನನ್ನ ಸ್ಟಾಪ್‌ವಾಚ್ ತೋರಿಸಿದ್ದು ಇಷ್ಟು: ಒಬ್ಬ ಹುಡುಗಿ ನಿಜವಾಗಿ ಕಾಲು ಆಡಿಸಿದ ಒಟ್ಟು ಹೊತ್ತು. ಜೂನ್‌ನಲ್ಲಿ ಇದೇ ಹುಡುಗಿ, ಇದೇ ಮೈದಾನ, ಇದೇ 40 ನಿಮಿಷದ ಪೀರಿಯಡ್. ಆಗ ಬಂದದ್ದು 6 ನಿಮಿಷ 40 ಸೆಕೆಂಡು. ನಡುವೆ ಮೂರು ಪ್ಲಾನು ಬರೆದು ಹರಿದು ಹಾಕಿದ್ದೇನೆ. ನಾಲ್ಕನೆಯದು ಕೆಲಸ ಮಾಡಿತು. ಅದೂ ನನ್ನ ಬುದ್ಧಿಯಿಂದಲ್ಲ.

ವಾರ್ಷಿಕ ಯೋಜನೆ, ಯೂನಿಟ್ ಹಂಚಿಕೆ ಎಲ್ಲ ಇಲ್ಲಿ ಬರೆಯುವುದಿಲ್ಲ, ಅದು ಆಟದ ಟೀಚರುಗಳಾದ ನಿಮಗೆಲ್ಲ ಬಾಯಿಪಾಠ. ಆಗಸ್ಟ್ 15ರ ಪರೇಡಿಗೆ ಎಷ್ಟು ಪೀರಿಯಡ್ ಹೋಗುತ್ತದೆ, ಹತ್ತನೇ ಕ್ಲಾಸಿನ ಆಟದ ಪೀರಿಯಡ್ ಯಾವ ತಿಂಗಳಿಂದ ಗಣಿತದ ಹೊಟ್ಟೆಗೆ ಸೇರುತ್ತದೆ ಅನ್ನೋದೂ ಗೊತ್ತು. ನನ್ನ ತಲೆ ತಿಂದದ್ದು ಒಂದೇ ವಿಷಯ. ಮಕ್ಕಳು ಆಟದ ಪೀರಿಯಡ್‌ನಲ್ಲಿ ಆಡುವುದಿಲ್ಲ. ನಿಂತಿರುತ್ತಾರೆ.

ಇದು ಕಣ್ಣಿಗೆ ಕಾಣುವುದಿಲ್ಲ, ಅದೇ ತಮಾಷೆ. 56 ಮಕ್ಕಳು, ಗಲಾಟೆ, ಧೂಳು, ಸೀಟಿ. ದೂರದಿಂದ ನೋಡಿದರೆ ಜಾತ್ರೆ. ಆದರೆ ಒಂದೇ ಮಗುವನ್ನು ಹಿಡಿದು ನೋಡಿ. ಕಾಲು ಆಡಿದಾಗ ವಾಚ್ ಒತ್ತಿ, ನಿಂತಾಗ ಮತ್ತೆ ಒತ್ತಿ. ನಾನು ಆರಿಸಿದ್ದು ಒಬ್ಬ ಸಾಧಾರಣ ಹುಡುಗಿ. ಓಟದಲ್ಲಿ ಮುಂದೂ ಇಲ್ಲ, ಹಿಂದೂ ಇಲ್ಲ. ತರಲೆ ಮಾಡುವುದಿಲ್ಲ, ಹಾಗಾಗಿ ಯಾವ ಟೀಚರ್ ಕಣ್ಣಿಗೂ ಬೀಳುವುದಿಲ್ಲ.

ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಕ್ಲಾಸಿನಿಂದ ಬರುವುದಕ್ಕೆ 5 ನಿಮಿಷ, ಹಾಜರಿಗೆ 3, ಕೈಕಾಲು ತೊಳೆದು ವಾಪಸ್ ಹೋಗಲು 4. ಉಳಿದದ್ದು 28. ಜೂನ್‌ನಲ್ಲಿ ವಾಲಿಬಾಲ್ ಸರ್ವಿಸ್ ಕಲಿಸುತ್ತಿದ್ದೆ, ಅದೇ ಮೊದಲ ಪ್ಲಾನು. ಬಾಲು ನಾಲ್ಕು, ಒಂದು ಬಾಲಿಗೆ 14 ಮಕ್ಕಳ ಸಾಲು. ಒಬ್ಬರ ಸರದಿ 10 ಸೆಕೆಂಡು ಅಂದರೆ 140 ಸೆಕೆಂಡಿಗೊಮ್ಮೆ ಬಾಲು ಕೈಗೆ. 28 ನಿಮಿಷದಲ್ಲಿ 12 ಸಲ. ಒಟ್ಟು ಎರಡು ನಿಮಿಷ! ಮಿಕ್ಕಿದ್ದು ಮೊದಲ ರೌಂಡ್ ಓಟ, ಚರಂಡಿಗೆ ಬಿದ್ದ ಬಾಲು ಹುಡುಕಾಟ. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಕೊಡುತ್ತಿದ್ದದ್ದು ಚರಂಡಿ ಹುಡುಕಾಟ.

ಎರಡನೇ ಪ್ಲಾನು ಸರ್ಕಿಟ್: ಒಂದೊಂದು ಜಾಗದಲ್ಲಿ ಒಂದೊಂದು ವ್ಯಾಯಾಮ, ಸೀಟಿ ಊದಿದರೆ ಮುಂದಿನ ಜಾಗಕ್ಕೆ. ಆರು ಸ್ಟೇಷನ್, ಒಂದೊಂದರಲ್ಲಿ 4 ನಿಮಿಷ. ಹಾಳೆಯ ಮೇಲೆ ಮದುವೆ ಮನೆ ರಂಗೋಲಿ ತರಹ ಇತ್ತು. ಮೈದಾನದಲ್ಲಿ ಸೀಟಿ ಊದಿದೆ. ಸ್ಕಿಪ್ಪಿಂಗ್ ಸ್ಟೇಷನ್ ಬಿಟ್ಟು ಯಾರೂ ಹೋಗಲಿಲ್ಲ. ಪುಷ್‌ಅಪ್ ಸ್ಟೇಷನ್ನಿಗೆ ಯಾರೂ ಬರಲಿಲ್ಲ. ಒಂದೊಂದು ಬದಲಾವಣೆಗೆ ಒಂದೂವರೆ ನಿಮಿಷ, ಆಮೇಲೆ ‘ಮಿಸ್, ಇಲ್ಲೇನ್ ಮಾಡ್ಬೇಕು?’ ಅಂತ ಆರು ಕಡೆಯಿಂದ ಕೂಗು. ಬೆಲ್ ಹೊಡೆದಾಗ ಮೂರನೇ ಸ್ಟೇಷನ್ನಿನಲ್ಲಿದ್ದೆವು. ಆ ದಿನ ನಿಜವಾಗಿ ವ್ಯಾಯಾಮ ಆದದ್ದು ನನಗೆ.

ಮೂರನೇ ಪ್ಲಾನು ಸಣ್ಣ ಆಟಗಳು. ಏಳು ಚೌಕ, ಒಂದೊಂದರಲ್ಲಿ ನಾಲ್ವರು ವಿರುದ್ಧ ನಾಲ್ವರು. 7 ಗುಣಿಸು 8 ಅಂದರೆ 56, ದೇವರೇ ಬರೆದ ಹಾಗೆ. ಆಟ ‘ಹತ್ತು ಪಾಸ್’: ಬಾಲು ಬೀಳದೆ ತಂಡದಲ್ಲೇ ಹತ್ತು ಪಾಸ್ ಆದರೆ ಒಂದು ಪಾಯಿಂಟ್. ಬಿದ್ದರೆ, ಕಸಿದುಕೊಂಡರೆ ಬಾಲು ಆ ಕಡೆಗೆ. ಹ್ಯಾಂಡ್‌ಬಾಲ್‌ನಿಂದ ಎರಡು ನಿಯಮ ಸಾಲ ತಂದೆ. 3 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, 3 ಹೆಜ್ಜೆಗಿಂತ ಹೆಚ್ಚು ಓಡಬಾರದು. ಗೋಲ್‌ಪೋಸ್ಟ್ ಬೇಡ, ನೆಟ್ ಬೇಡ, ಸುಣ್ಣದ ಗೆರೆ ಸಾಕು.

ಇಲ್ಲಿ ಬಾಲಿನ ಕಥೆ ಹೇಳಲೇಬೇಕು. ಒಂದನೇ ಸೈಜಿನ ಹ್ಯಾಂಡ್‌ಬಾಲ್ ಬೇಕು ಅಂತ ಮೈಸೂರಿನ ಒಂದು ಅಂಗಡಿಗೆ ಹೇಳಿದ್ದೆ. ಸುತ್ತಳತೆ 50ರಿಂದ 52 ಸೆಂಟಿಮೀಟರ್, ಚಿಕ್ಕ ಕೈಗೆ ಸರಿಯಾದದ್ದು. ಬಂದದ್ದು ಮೂರನೇ ಸೈಜು, ದೊಡ್ಡ ಗಂಡಸರದ್ದು, 58ರಿಂದ 60. ಫೋನ್ ಮಾಡಿದರೆ, ‘ಎಲ್ಲಾ ಒಂದೇ ಮೇಡಂ, ಗಾಳಿ ಸ್ವಲ್ಪ ಕಮ್ಮಿ ಹಾಕಿ ಆಡ್ಸಿ’ ಅಂದರು. ಹಸಿರು 28, ಹಳದಿ 28 ಬನಿಯನ್ ಕೇಳಿದ್ದೆ. 56 ಕಿತ್ತಳೆ ಬನಿಯನ್ ಬಂದವು, ಅದೂ ಎಕ್ಸ್‌ಎಲ್. ಎರಡು ತಂಡಕ್ಕೂ ಒಂದೇ ಬಣ್ಣ, ಮಕ್ಕಳಿಗೆ ಮೊಣಕಾಲಿನವರೆಗೆ. ಕೊನೆಗೆ ಮಂಡ್ಯದ ಪೇಟೆ ಬೀದಿಗೆ ಹೋಗಿ ಸಾದಾ ರಬ್ಬರ್ ಬಾಲು, ಮೀಟರ್ ಲೆಕ್ಕದ ರಿಬ್ಬನ್ ತಂದೆ. ಒಂದು ತಂಡ ಮುಂಗೈಗೆ ರಿಬ್ಬನ್ ಕಟ್ಟುತ್ತದೆ, ಇನ್ನೊಂದು ಕಟ್ಟುವುದಿಲ್ಲ. ಕಿತ್ತಳೆ ಬನಿಯನ್ನುಗಳು ಬೀರುವಿನಲ್ಲಿ ತಪಸ್ಸು ಮಾಡುತ್ತಿವೆ.

ಮೂರನೇ ಪ್ಲಾನು ಎರಡು ಕಡೆ ಕೈಕೊಟ್ಟಿತು. ಮೊದಲನೆಯದು, 56 ಮಕ್ಕಳು ಒಟ್ಟಿಗೆ ಬರುವ ದಿನ ಇಲ್ಲವೇ ಇಲ್ಲ. ಒಂದು ದಿನ 51, ಒಂದು ದಿನ 53, ಊರಹಬ್ಬ ಇದ್ದರೆ 40. ದೇವರು ಬರೆದ ಲೆಕ್ಕ ದಿನವೂ ತಪ್ಪುತ್ತಿತ್ತು. ಎರಡನೆಯದು ಇನ್ನೂ ಕೆಟ್ಟದ್ದು. ನಾಲ್ವರ ತಂಡದಲ್ಲೂ ಇಬ್ಬರೇ ಆಡುತ್ತಿದ್ದರು. ನಮ್ಮ ಹುಡುಗಿ ಚೌಕದ ಮೂಲೆಯಲ್ಲಿ ವೇಲಿನ ತುದಿ ಹಿಡಿದು ನಿಂತಿದ್ದಳು. 9 ನಿಮಿಷ. ನಾಲ್ವರೂ ಮುಟ್ಟಿದರೆ ಮಾತ್ರ ಪಾಯಿಂಟ್ ಅಂತ ನಿಯಮ ತಂದೆ. ಕಂದಾಯ ಕಟ್ಟುವ ಹಾಗೆ ಅವಳಿಗೊಂದು ಪಾಸ್ ಕೊಟ್ಟು, ತಕ್ಷಣ ವಾಪಸ್ ಈಸಿಕೊಂಡು ಆಟ ಮುಂದುವರಿಸಿದರು. 11 ನಿಮಿಷ. ವೇಲು ಅಡ್ಡಕ್ಕೆ ಬಿಗಿಯಾಗಿ ಕಟ್ಟಿಸಿದೆ, ಅರ್ಧ ನಿಮಿಷ ಜಾಸ್ತಿ ಆಯಿತು.

ದಸರಾ ರಜೆ ಮುಗಿದ ಮೇಲೆ ಒಂದು ದಿನ 53 ಮಕ್ಕಳು. ಆರು ಚೌಕಕ್ಕೆ 48, ಮಿಕ್ಕವರು ಐವರು. ನನಗೂ ಸಾಕಾಗಿತ್ತು. ‘ಒಂದೊಂದು ಕಡೆ ಒಬ್ಬರು ಸೇರ್ಕೊಳ್ಳಿ, ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂದೆ. ನಾವೆಲ್ಲ ಚಿಕ್ಕವರಿದ್ದಾಗ ತಮ್ಮ ತಂಗಿಯರನ್ನು ಹೀಗೇ ಸೇರಿಸಿಕೊಳ್ಳುತ್ತಿದ್ದೆವು ಅಲ್ವಾ? ಯಾರೂ ಕರೆಯದೆ ಉಳಿದವಳು ಅವಳೇ. ಅವಳು ಯಾವ ಕಡೆ ಅಂತ ಜಗಳ ಶುರುವಾಯಿತು. ಇಬ್ಬರಿಗೂ ಬೇಡ. ಆಗ ಒಬ್ಬ ಹುಡುಗ ಕೂಗಿದ, ‘ಯಾರ ಕೈಲಿ ಬಾಲ್ ಇರ್ತದೋ ಅವ್ರ ಕಡೆ ಕಣ್ರಲಾ, ಆಡಿ ಸುಮ್ನೆ.’

ನಾನು ವಾಚ್ ಒತ್ತಿದೆ. ಒತ್ತಿದವಳು ನಿಲ್ಲಿಸುವುದಕ್ಕೇ ಆಗಲಿಲ್ಲ.

ಯಾಕೆ ಅಂತ ರಾತ್ರಿ ಚಪಾತಿ ಲಟ್ಟಿಸುವಾಗ ಹೊಳೆಯಿತು. ನಾಲ್ವರಿಗೆ ನಾಲ್ವರಿದ್ದರೆ ಪ್ರತಿಯೊಬ್ಬರಿಗೂ ಒಬ್ಬ ಕಾವಲು. ಪಾಸ್ ಕೊಡುವ ಹುಡುಗ ಗಾಬರಿಯಲ್ಲಿ ತನ್ನ ಗೆಳೆಯನಿಗೇ ಎಸೆಯುತ್ತಾನೆ. ಬಾಲು ಇರುವ ಕಡೆ ಯಾವಾಗಲೂ ಐವರು, ಎದುರಿಗೆ ನಾಲ್ವರೇ ಅಂದರೆ, ಒಬ್ಬರು ಖಾಲಿ ಇದ್ದೇ ಇರುತ್ತಾರೆ. ಲೆಕ್ಕಕ್ಕಿಲ್ಲದವಳ ಹಿಂದೆ ಯಾರು ಕಾವಲು ನಿಲ್ಲುತ್ತಾರೆ? ಹಾಗಾಗಿ ಖಾಲಿ ಇರುವವಳು ಅವಳೇ. ಎರಡು ತಂಡಕ್ಕೂ ಅವಳು ಬೇಕು, ಕರುಣೆಯಿಂದಲ್ಲ, ಪಾಯಿಂಟಿಗೆ. ಬಾಲು ಆ ಕಡೆ ಹೋದರೆ ಅವಳ ತಂಡವೂ ಬದಲು, ಮತ್ತೆ ಓಟ. ಆ ದಿನ 14 ನಿಮಿಷ.

ಇದೇ ನಾಲ್ಕನೇ ಪ್ಲಾನು ಆಯಿತು, ಮುಂದಿನದು ಬರೀ ತೇಪೆ ಕೆಲಸ. ಆ ಪಾತ್ರವನ್ನು 3 ನಿಮಿಷಕ್ಕೊಮ್ಮೆ ಬದಲಿಸುತ್ತೇನೆ. ಒಂಬತ್ತು ಜನ, 27 ನಿಮಿಷ, ಎಲ್ಲರಿಗೂ ಒಂದೊಂದು ಸರದಿ. ಇಷ್ಟು ಹೊತ್ತು ಸಿಗಲಿ ಅಂತ ಹಾಜರಿಗೆ ಸಾಲು ನಿಲ್ಲಿಸುವುದನ್ನು ಬಿಟ್ಟೆ. ಚೌಕದ ಕ್ಯಾಪ್ಟನ್ ‘ಎಂಟು ಮಿಸ್, ಒಬ್ಬ ರಜಾ’ ಅಂತ ಕೂಗಿದರೆ ಆಯಿತು. ಮೊದಲ ಸರದಿ ನಡೆದಾಡಿಕೊಂಡೇ ಆಡಬೇಕು, ಅದೇ ವಾರ್ಮಪ್. ಹೊಟ್ಟೆನೋವು ಅನ್ನುವ ಹುಡುಗಿಯರು ಸ್ಕೋರ್ ಬರೆಯುತ್ತಾರೆ, ಕಾರಣ ಕೇಳುವುದಿಲ್ಲ. ಮಕ್ಕಳು ಕಮ್ಮಿ ಬಂದರೂ ಚಿಂತೆಯಿಲ್ಲ. ಮೂವರಿಗೆ ಮೂವರು ಜೊತೆಗೊಬ್ಬ, ನಾಲ್ವರಿಗೆ ನಾಲ್ವರು ಜೊತೆಗಿಬ್ಬರು, ಎಲ್ಲ ನಡೆಯುತ್ತದೆ. ಬೆಸ ಸಂಖ್ಯೆ ನನ್ನ ಶತ್ರುವಾಗಿತ್ತು. ಈಗ 56 ಬಂದ ದಿನವೇ ತಲೆನೋವು.

ಇನ್ನೊಂದು ಬದಲಾವಣೆ: ಒಂದೇ ತಂಡ, ಒಂದೇ ಆಟ, ನಾಲ್ಕು ವಾರ. ಪ್ರತಿ ಪೀರಿಯಡ್ ಹೊಸ ಆಟ ವಿವರಿಸುವ ಗೋಳು ತಪ್ಪಿತು. ಇದು ನನ್ನದೇ ಆವಿಷ್ಕಾರ ಅಂತ ಎರಡು ದಿನ ಬೀಗಿದೆ. ಆಮೇಲೆ ನೋಡಿದರೆ ಅಮೆರಿಕದ ಡ್ಯಾರಿಲ್ ಸೀಡೆಂಟಾಪ್ ಎಂಬ ಪ್ರೊಫೆಸರ್ ದಶಕಗಳ ಹಿಂದೆಯೇ ಇದಕ್ಕೆ ‘ಸೀಸನ್’ ಅಂತ ಹೆಸರಿಟ್ಟು ಮುಗಿಸಿದ್ದಾರೆ. ಇರಲಿ, ಅವರಿಗೆ ಕಿತ್ತಳೆ ಬನಿಯನ್ ಬಂದಿರಲಿಕ್ಕಿಲ್ಲ.

ಈಗ ತಲೆಯಲ್ಲಿ ಕುಣಿಯುತ್ತಿರುವುದು 200 ಮೀಟರ್ ಟ್ರ್ಯಾಕ್. ಖೇಲೋ ಇಂಡಿಯಾ ಫಿಟ್‌ನೆಸ್ ಟೆಸ್ಟಿನಲ್ಲಿ 600 ಮೀಟರ್ ಓಟ ಇದೆಯಲ್ಲ, ಅದನ್ನು ಇಲ್ಲಿಯವರೆಗೆ ಗೇಟಿನಿಂದ ಟ್ಯಾಂಕಿಗೆ ಓಡಿಸಿ ಅಂದಾಜಿನಲ್ಲಿ ಬರೆದಿದ್ದೇನೆ. ಮೈದಾನ ಅಳೆದೆ: 90 ಮೀಟರ್ ಉದ್ದ, 42 ಅಗಲ. 50 ಮೀಟರಿನ ಎರಡು ನೇರ, 15.92 ಮೀಟರ್ ತ್ರಿಜ್ಯದ ಎರಡು ತಿರುವು ಅಂದರೆ 200 ಸರಿಯಾಗುತ್ತದೆ (ಇದು ಕಾಲು ಓಡುವ ದಾರಿಯ ಲೆಕ್ಕ, ಸುಣ್ಣದ ಒಳಗೆರೆ ಅದಕ್ಕಿಂತ 20 ಸೆಂಟಿಮೀಟರ್ ಒಳಗೆ). ಒಂದು ಮೀಟರ್ ಅಗಲದ ನಾಲ್ಕು ಲೇನ್ ಹಾಕಿದರೆ ಒಟ್ಟು ಉದ್ದ 89.43. ಅರ್ಧ ಮೀಟರ್ ಮಿಗುತ್ತದೆ! ಲಂಬಕೋನದ ಮೂಲೆಗಳಿಗೆ 6, 8, 10 ಮೀಟರ್ ಬದಿಯ ತ್ರಿಕೋನವಾಗಿ ಎಳೆದ ಹಗ್ಗ ಸಾಕು. ಒಂದೇ ತೊಂದರೆ, ಎರಡನೇ ತಿರುವಿನ ನಾಲ್ಕನೇ ಲೇನಿನಲ್ಲಿ ಹೊಂಗೆ ಮರ ನಿಂತಿದೆ. ಬಿಸಿಯೂಟದ ಹೊತ್ತಿಗೆ ನೆರಳು ಕೊಡುವ ಮರ, ಅದರ ಮೇಲೆ ಕೈ ಇಟ್ಟರೆ ಮಕ್ಕಳು ನನ್ನನ್ನು ಬಿಡುವುದಿಲ್ಲ. ಮೂರೇ ಲೇನ್ ಆಗಬಹುದು.

ಸ್ಟ್ಯಾಗರ್, ಅಂದರೆ ಹೊರಗಿನ ಲೇನಿನವರನ್ನು ಒಳಗಿನವರಿಗಿಂತ ಎಷ್ಟು ಮುಂದೆ ನಿಲ್ಲಿಸಬೇಕು ಅನ್ನುವ ವಿಷಯಕ್ಕೆ ಗಣಿತದ ಮೇಷ್ಟ್ರ ಜೊತೆ ಕಾಫಿ ಪಂದ್ಯ ಗೆದ್ದೆ. ಟ್ರ್ಯಾಕ್ ಚಿಕ್ಕದಾದರೆ ಸ್ಟ್ಯಾಗರ್ ಬದಲಾಗುತ್ತದೆ ಅಂದರು. ಒಂದು ಪೂರ್ತಿ ಸುತ್ತಿಗೆ ಬದಲಾಗುವುದಿಲ್ಲ. ಲೇನಿನ ಅಗಲ ಗುಣಿಸು ಎರಡು ಪೈ, ಅಷ್ಟೆ. ತ್ರಿಜ್ಯ ಲೆಕ್ಕಕ್ಕೇ ಬರುವುದಿಲ್ಲ. ಮೀಟರ್ ಲೇನಿಗೆ 6.28. ಅವರು ಕಾಗದದಲ್ಲಿ ಮಾಡಿ ನೋಡಿ ಸುಮ್ಮನಾದರು. ಕಾಫಿ ಕೊಡಿಸಿದರು. ಹತ್ತನೇ ಕ್ಲಾಸಿನ ಪೀರಿಯಡ್ ಮಾತ್ರ ವಾಪಸ್ ಕೊಡಲಿಲ್ಲ.

ಶುಕ್ರವಾರ ಇನ್ನೊಂದು ಎಡವಟ್ಟು ಆಯಿತು. ಪೀರಿಯಡ್ ಮುಗಿದ ಮೇಲೆ ಆ ಹುಡುಗಿ ರಿಬ್ಬನ್ ವಾಪಸ್ ಕೊಡುತ್ತಾ ಕೇಳಿದಳು, ‘ಮಿಸ್, ಇವತ್ತು ನಂದು ಎಷ್ಟು ನಿಮ್ಷ?’ ಯಾವಾಗಿನಿಂದ ಗೊತ್ತು ಅಂದೆ. ‘ಜುಲೈಯಿಂದಾನೇ ಮಿಸ್. ನೀವು ಬೇರೆಯವರ ಕಡೆ ನೋಡಿಕೊಂಡು ಒತ್ತುತ್ತಿದ್ರಿ, ಆದ್ರೆ ನಾನು ನಿಂತಾಗಲೇ ಟಿಕ್ ಅಂತಿತ್ತು.’

ಅಂದರೆ 19:20ರಲ್ಲಿ ನನ್ನ ಪ್ಲಾನು ಎಷ್ಟು, ಅವಳ ಹಠ ಎಷ್ಟು? ಸೋಮವಾರದಿಂದ ಬೇರೆ ಮಗುವನ್ನು ಆರಿಸಬೇಕು. ಟಿಕ್ ಶಬ್ದ ಬರದ ವಾಚ್ ಮಂಡ್ಯದಲ್ಲೋ ಮೈಸೂರಿನಲ್ಲೋ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ತಿಳಿಸಿ. ಆ ಬಾಲಿನ ಅಂಗಡಿ ಒಂದು ಬಿಟ್ಟು.