ಸ್ವಂತ ಹೆಸರಿನಲ್ಲಿ ಆಡಿದವನು

ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಪಿ.ಟಿ. ಮಾಸ್ತರು ಹೇಳಿದ ಒಂದು ಮಾತನ್ನು ನಾನು ಬಹಳ ವರ್ಷ ತಪ್ಪಾಗಿಯೇ ತಿಳಿದುಕೊಂಡಿದ್ದೆ. ಸಿದ್ದಾಪುರದ ಕಡೆ ಜುಲೈ ತಿಂಗಳು ಅಂದರೆ ಆಟದ ಪೀರಿಯಡ್ಡೂ ಕ್ಲಾಸಿನೊಳಗೇ ಮುಗಿಯಬೇಕು. ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿಗೆ ಎದುರಾಗಿ ಅವರು ಕೂಗಿಕೊಂಡೇ ಹೇಳಿದ್ದರು: "1912ರ ಒಲಿಂಪಿಕ್ಸಿನಲ್ಲಿ ಒಬ್ಬ ಇಂಡಿಯನ್ ಎರಡು ಚಿನ್ನ ಗೆದ್ದ ಕಣ್ರೋ. ಆಮೇಲೆ ಕಿತ್ಕೊಂಡ್ರು." ಇಂಡಿಯನ್ ಅಂದಮೇಲೆ ನಮ್ಮವನೇ ಅಂತ ಇಡೀ ಕ್ಲಾಸು ಅಂದುಕೊಂಡಿತು. ನಾನು ಮನೆಗೆ ಹೋಗಿ, ಬ್ರಿಟಿಷರು ನಮ್ಮವನ ಮೆಡಲ್ ಕಿತ್ತುಕೊಂಡಿದ್ದಾರೆ ಅಂತ ಅಪ್ಪನಿಗೆ ವರದಿ ಒಪ್ಪಿಸಿದೆ. ಅಪ್ಪ ಕೂಲಿಯವರ ಹಾಜರಿ ಬರೆಯುವ ಚೆಕ್‌ರೋಲಿನಿಂದ ತಲೆ ಎತ್ತದೆ, "ಅವರು ಏನು ತಾನೇ ಬಿಟ್ಟಿದ್ದಾರೆ" ಅಂದರು.

ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರು. ಹಾಜರಿ ಹಾಕುವುದು, ಬಟವಾಡೆ ಮಾಡುವುದು, ಎಷ್ಟು ಬೆರಿ ಹಣ್ಣು ಬಂತು, ಎಷ್ಟು ಕಣಕ್ಕೆ ಹೋಯಿತು ಅಂತ ಬರೆದಿಡುವುದು ಅವರ ಕೆಲಸ. ಸಹಿ ಇಲ್ಲದೆ ಯಾರಿಗೂ ಒಂದು ರೂಪಾಯಿ ಕೊಡಬಾರದು, ಸಹಿ ಮಾಡದೆ ಯಾರಿಂದಲೂ ಒಂದು ರೂಪಾಯಿ ತೆಗೆದುಕೊಳ್ಳಬಾರದು, ಇದು ಅವರು ನಮಗೆ ಉಗ್ಗುಹಾಲಿನ ಜೊತೆಗೇ ಕುಡಿಸಿದ ಪಾಠ. ಈ ಪಾಠದಿಂದ ನನಗೆ ಏನಾಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಆ ಇಂಡಿಯನ್ ಯಾರು ಅಂತ ಸರಿಯಾಗಿ ಗೊತ್ತಾಗಿದ್ದು 1983ರ ಜನವರಿಯಲ್ಲಿ. ನಾನಾಗ ವಿರಾಜಪೇಟೆಯಲ್ಲಿ ಡಿಗ್ರಿ ಓದುತ್ತಿದ್ದೆ, ಕಾಲೇಜು ಹಾಕಿ ತಂಡದಲ್ಲಿ ರೈಟ್ ಹಾಫ್. ದೆಹಲಿಯ ಏಷ್ಯನ್ ಗೇಮ್ಸ್ ಫೈನಲ್ಲಿನಲ್ಲಿ ಪಾಕಿಸ್ತಾನದ ಕೈಯಲ್ಲಿ 7-1ರಿಂದ ಸೋತು ಎರಡು ತಿಂಗಳೂ ಆಗಿರಲಿಲ್ಲ. ಕೊಡಗಿನಲ್ಲಿ ಹಾಕಿಯ ಮಾತೆತ್ತಿದರೆ ಹಿರಿಯರು ಸುಮ್ಮನೆ ಎಲೆ ಅಡಿಕೆ ಡಬ್ಬಿ ಹುಡುಕುತ್ತಿದ್ದ ಕಾಲ. ಲೈಬ್ರರಿಯಲ್ಲಿ ಪೇಪರಿನ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ: ಜಿಮ್ ಥೋರ್ಪ್ ಅನ್ನುವವನ ಮಕ್ಕಳಿಗೆ, ಅವನು ಸತ್ತು 30 ವರ್ಷವಾಗುತ್ತಾ ಬಂದಾಗ, ಒಲಿಂಪಿಕ್ ಪದಕಗಳನ್ನು ವಾಪಸು ಕೊಟ್ಟರು. ಅಮೆರಿಕನ್ ಇಂಡಿಯನ್! ನಮ್ಮ ಸಿದ್ದಾಪುರದ ಕ್ಲಾಸಿನ ಹೆಮ್ಮೆಯೆಲ್ಲ ಆ ಕ್ಷಣಕ್ಕೆ ನೀರುಪಾಲು. ಆದರೂ ಅವನನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅಂದಿನಿಂದ ಅವನ ಬಗ್ಗೆ ಎಲ್ಲಿ ಏನು ಸಿಕ್ಕಿದರೂ ಓದುತ್ತಾ ಬಂದಿದ್ದೇನೆ.

ಥೋರ್ಪ್ ಹುಟ್ಟಿದ್ದು 1887ರಲ್ಲಿ, ಈಗಿನ ಒಕ್ಲಹೋಮಾದಲ್ಲಿ. ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವನು. ಅವರ ಭಾಷೆಯಲ್ಲಿ ಅವನ ಹೆಸರು ವಾ-ಥೋ-ಹಕ್, ಬೆಳಕಿನ ದಾರಿ ಅನ್ನುವಂಥ ಅರ್ಥ. ಅವಳಿ ಸೋದರ ಚಿಕ್ಕಂದಿನಲ್ಲೇ ತೀರಿಕೊಂಡ, ಆಮೇಲೆ ತಾಯಿ. ಹುಡುಗ ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಸ್ಕೂಲಿಗೆ ಬಂದ; ಅದೇ ವರ್ಷ ತಂದೆಯೂ ಹೋದ. 1879ರಲ್ಲಿ ಒಬ್ಬ ಸೇನಾಧಿಕಾರಿ ಹಳೇ ಮಿಲಿಟರಿ ಬ್ಯಾರಕ್ಕಿನಲ್ಲಿ ಶುರು ಮಾಡಿದ ಶಾಲೆ ಅದು. ಬುಡಕಟ್ಟಿನ ಮಕ್ಕಳ ಜುಟ್ಟು ಕತ್ತರಿಸಿ, ಮನೆ ಮಾತು ಬಿಡಿಸಿ, ಬಿಳಿಯರ ಹಾಗೆ ಮಾಡಿ ಕಳಿಸುವುದೇ ಅಲ್ಲಿಯ ವಿದ್ಯೆ. ಹಾಡಿಯ ಮಕ್ಕಳು ಶಾಲೆಗೆ ಬಂದ ಮೊದಲ ದಿನ ಬಾಯಿ ಬಿಡದೆ ಕೂರುವುದನ್ನು ಕಂಡವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಅಲ್ಲಿಯ ಫುಟ್‌ಬಾಲ್ ಕೋಚ್ ಪಾಪ್ ವಾರ್ನರ್. ಅವರ ಫುಟ್‌ಬಾಲ್ ಅಂದರೆ ನಾವು ಸುಂಟಿಕೊಪ್ಪದಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಎದುರು ತಂಡದವರು ಮೈಮೇಲೆ ಬಿದ್ದು ಕೆಡವುತ್ತಾರೆ. 1911ರ ನವೆಂಬರಿನಲ್ಲಿ ಈ ಬಡ ಶಾಲೆಯ ಹುಡುಗರು ಹಾರ್ವರ್ಡ್ ಅಂಗಳಕ್ಕೇ ಹೋಗಿ 18-15ರಿಂದ ಗೆದ್ದುಬಂದರು. ಕಾಲಿಗೆ ಪಟ್ಟಿ ಸುತ್ತಿಕೊಂಡು ಆಡಿದ ಥೋರ್ಪ್ ಅವತ್ತು ನಾಲ್ಕು ಫೀಲ್ಡ್ ಗೋಲು ಒದ್ದ, ಅಂದರೆ ಚೆಂಡನ್ನು ಗೋಲು ಕಂಬಗಳ ನಡುವೆ ಹಾಯಿಸಿದ. ಮರುವರ್ಷ ವೆಸ್ಟ್ ಪಾಯಿಂಟಿನಲ್ಲಿ ಸೇನೆಯ ಕೆಡೆಟ್‌ಗಳನ್ನು 27-6ರಿಂದ ಮಣ್ಣುಮುಕ್ಕಿಸಿದರು. ಅವರ ಅಪ್ಪಂದಿರ ಕಾಲದಲ್ಲಿ ಇದೇ ಸೇನೆ ಇದೇ ಜನರನ್ನು ಬೆನ್ನಟ್ಟಿ ನೆಲ ಬಿಡಿಸಿತ್ತು. ಥೋರ್ಪನನ್ನು ತಡೆಯಲು ನೋಡಿ ಸೋತ ಕೆಡೆಟ್‌ಗಳಲ್ಲಿ ಒಬ್ಬ ಡ್ವೈಟ್ ಐಸೆನ್‌ಹೋವರ್, ಮುಂದೆ ಅಮೆರಿಕದ ಅಧ್ಯಕ್ಷನಾದ.

ಈ ಎರಡು ಪಂದ್ಯಗಳ ನಡುವೆ ಬಂದದ್ದು ಸ್ಟಾಕ್‌ಹೋಮ್ ಒಲಿಂಪಿಕ್ಸ್. ಪೆಂಟಾಥ್ಲಾನಿನ ಐದರಲ್ಲಿ ನಾಲ್ಕು ಸ್ಪರ್ಧೆ ಗೆದ್ದ. ಹತ್ತು ಸ್ಪರ್ಧೆಗಳ ಡೆಕಾಥ್ಲಾನಿನಲ್ಲಿ 8,412 ಅಂಕ, ಎರಡನೆಯವನು ಸುಮಾರು 700 ಅಂಕ ಹಿಂದೆ. ಆ ದಿನಗಳ ಒಂದು ಫೋಟೋ ಇದೆ, ನನ್ನ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಎರಡು ಕಾಲಿಗೆ ಎರಡು ಬೇರೆ ಬೇರೆ ಶೂ, ಸಾಕ್ಸೂ ಬೇರೆ ಬೇರೆ. ಅವನ ಶೂ ಯಾರೋ ಕದ್ದಿದ್ದರಂತೆ. ಕಸದ ಡಬ್ಬಿಯಲ್ಲಿ ಒಂದು, ಯಾರೋ ಕೊಟ್ಟಿದ್ದು ಇನ್ನೊಂದು. ಒಂದು ದೊಡ್ಡದಾಯಿತು ಅಂತ ಆ ಕಾಲಿಗೆ ಎರಡು ಸಾಕ್ಸ್ ಹಾಕಿಕೊಂಡನಂತೆ. ಕಥೆಗೆ ಕಾಲಕ್ರಮೇಣ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಜೋಡಿಯಲ್ಲದ ಶೂಗಳಂತೂ ಫೋಟೋದಲ್ಲಿ ಕಾಣುತ್ತವೆ.

ಇನ್ನು ಕಿತ್ತುಕೊಂಡ ಕಥೆ. 1909 ಮತ್ತು 1910ರ ಬೇಸಿಗೆಯಲ್ಲಿ ಥೋರ್ಪ್ ನಾರ್ತ್ ಕೆರೊಲಿನಾದ ರಾಕಿ ಮೌಂಟ್ ಅನ್ನುವ ಸಣ್ಣ ಊರಿನಲ್ಲಿ ಚಿಲ್ಲರೆ ಕಾಸಿಗೆ ಬೇಸ್‌ಬಾಲ್ ಆಡಿದ್ದ. ರಜೆಯಲ್ಲಿ ಹೀಗೆ ಆಡುವುದು ಆಗಿನ ಕಾಲೇಜು ಹುಡುಗರಲ್ಲಿ ಮಾಮೂಲಿ. ಅವರಲ್ಲಿ ಬುದ್ಧಿವಂತರು ಸುಳ್ಳು ಹೆಸರು ಕೊಟ್ಟು ಆಡುತ್ತಿದ್ದರು. ಇವನು ಜಿಮ್ ಥೋರ್ಪ್ ಅಂತಲೇ ಆಡಿದ. 1913ರ ಜನವರಿಯಲ್ಲಿ ವೂಸ್ಟರ್ ಊರಿನ ಒಂದು ಪತ್ರಿಕೆ ಇದನ್ನು ಬರೆಯಿತು. ದುಡ್ಡಿಗೆ ಆಡಿದವನು ಅಮೆಚೂರ್ ಅಲ್ಲ, ಅಂದರೆ ಹವ್ಯಾಸಿಯಲ್ಲ, ಆದ್ದರಿಂದ ಒಲಿಂಪಿಕ್ಸಿಗೆ ಲಾಯಕ್ಕಲ್ಲ! ಅವನು ಪತ್ರ ಬರೆದು ಒಪ್ಪಿಕೊಂಡ, ತಾನೊಬ್ಬ ಇಂಡಿಯನ್ ಶಾಲೆಯ ಹುಡುಗ, ಈ ನಿಯಮಗಳೆಲ್ಲ ಗೊತ್ತಿರಲಿಲ್ಲ ಅಂತ. ತಕರಾರು ಇದ್ದರೆ ಕ್ರೀಡಾಕೂಟ ಮುಗಿದ 30 ದಿನದೊಳಗೆ ಸಲ್ಲಿಸಬೇಕು ಅಂತ ಅವರದೇ ನಿಯಮ ಇತ್ತು. ಆರು ತಿಂಗಳು ಕಳೆದಿತ್ತು. ಆದರೂ ಪದಕ ಹೋಯಿತು, ದಾಖಲೆ ಪುಸ್ತಕದಿಂದ ಹೆಸರೂ ಹೋಯಿತು.

ಈಗ ನನ್ನ ವಿಷಯ. ಜನವರಿಯಲ್ಲಿ ಲೈಬ್ರರಿಯಲ್ಲಿ ಕೂತು ಇದನ್ನೆಲ್ಲ ಓದಿ ಅಯ್ಯೋ ಪಾಪ ಅಂದವನು, ಮೇ ತಿಂಗಳಿನಲ್ಲಿ ಅದನ್ನೇ ಮಾಡಿದೆ. ಅಮ್ಮತ್ತಿಯ ಕಡೆಯ ಒಂದು ತೋಟದ ಫುಟ್‌ಬಾಲ್ ತಂಡಕ್ಕೆ ಆಳು ಕಡಿಮೆ ಬಿದ್ದಿತ್ತು. ತೋಟ ತೋಟಗಳ ನಡುವಿನ ಪಂದ್ಯ, ಗೆದ್ದವರಿಗೆ ಒಂದು ಕಪ್ಪು, ಒಂದು ಬಾಳೆಗೊನೆ. ಮೂರು ಮ್ಯಾಚು ಆಡಿದೆ, ಎರಡು ಗೋಲು ಹೊಡೆದೆ. ಕೊನೆಯ ದಿನ ಅಲ್ಲಿಯ ಆಫೀಸಿಗೆ ಕರೆದು ನಲವತ್ತು ರೂಪಾಯಿ ಕೊಟ್ಟರು. ನನ್ನ ಜೊತೆ ಆಡಿದ ಇನ್ನಿಬ್ಬರು ಕಾಲೇಜು ಹುಡುಗರು ಹಣ ಜೇಬಿಗೆ ಹಾಕಿಕೊಂಡು ವೋಚರಿನಲ್ಲಿ ಬಾಯಿಗೆ ಬಂದ ಹೆಸರು ಬರೆದರು. ಒಬ್ಬ ತನ್ನ ಸೋದರಮಾವನ ಹೆಸರನ್ನೇ ಬರೆದ. ನಾನು ಅಪ್ಪನ ಮಗ. ರೆವಿನ್ಯೂ ಸ್ಟಾಂಪು ಇಲ್ಲವಲ್ಲ ಅಂತ ಕೇಳಿ, ಅಂಟಿಸಿಸಿಕೊಂಡು, ಅದರ ಮೇಲೆ ಅಡ್ಡಲಾಗಿ ನನ್ನ ಪೂರ್ತಿ ಹೆಸರು ಬರೆದು ತಾರೀಖು ಹಾಕಿದೆ. ಅಲ್ಲಿಯ ರೈಟರು, "ಯಾರ ಮಗನಪ್ಪ ನೀನು?" ಅಂತ ಕೇಳಿ ನಕ್ಕರು.

ಸೆಪ್ಟೆಂಬರಿನಲ್ಲಿ ಅಂತರ ಕಾಲೇಜು ಹಾಕಿ. ಹೊರಡುವ ಹಿಂದಿನ ಸಂಜೆ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಆ ವೋಚರಿನ ನಕಲು. ಯಾರು ತಂದುಕೊಟ್ಟರೋ ಈವತ್ತಿಗೂ ತಿಳಿಯದು. ಊಹೆ ಇದೆ, ಬರೆಯುವುದಿಲ್ಲ. ಕಾಲೇಜಿನ ಹೆಸರೂ ಬೇಡ, ಒಳಗೆ ಕೂತಿದ್ದವರಲ್ಲಿ ಈಗ ಯಾರೂ ಇಲ್ಲ. "ಇದು ನಿನ್ನ ಸಹಿಯೇನಪ್ಪಾ?" ಹೌದು ಸಾರ್. "ದುಡ್ಡು ತಗೊಂಡಿದ್ದೀಯಾ?" ಹೌದು ಸಾರ್. ಅಷ್ಟೇ. ಅದು ಫುಟ್‌ಬಾಲ್ ಸಾರ್, ಇದು ಹಾಕಿ ಅಲ್ವಾ ಅಂತ ಕೇಳಬೇಕು ಅಂತ ಹೊಳೆದದ್ದು ಹಾಸ್ಟೆಲ್ಲಿನ ಮೆಟ್ಟಿಲು ಹತ್ತುವಾಗ. ಸೋದರಮಾವನ ಹೆಸರು ಬರೆದವನು ಮರುದಿನ ಬಸ್ ಹತ್ತಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆ ಲೆಫ್ಟ್ ವಿಂಗರ್.

ಥೋರ್ಪನ ಬೇಸ್‌ಬಾಲ್ ಜೀವನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದೇ ಹೆಚ್ಚು ಇಷ್ಟ. ಪದಕ ಹೋದ ಬೆನ್ನಿಗೇ ನ್ಯೂಯಾರ್ಕ್ ಜೈಂಟ್ಸ್ ತಂಡ ಅವನನ್ನು ಕೊಂಡುಕೊಂಡಿತು. ಮ್ಯಾನೇಜರ್ ಜಾನ್ ಮೆಕ್‌ಗ್ರಾ ಅವನನ್ನು ಹೆಚ್ಚಾಗಿ ಬೆಂಚಿನ ಮೇಲೇ ಕೂರಿಸಿದ. ಹೆಸರು ನೋಡಿ ಜನ ಟಿಕೆಟ್ ತೆಗೆದರೆ ಸಾಕಾಗಿತ್ತು ಅಂತ ನನ್ನ ಅನುಮಾನ. ತಿರುಗುವ ಚೆಂಡು ಆಡಲು ಇವನಿಗೆ ಬರುವುದಿಲ್ಲ ಅಂತ ಒಂದು ಹಣೆಪಟ್ಟಿ ಅಂಟಿತು, ಕೊನೆಯವರೆಗೂ ಹೋಗಲಿಲ್ಲ. ಒಟ್ಟು 289 ಪಂದ್ಯ, ಸರಾಸರಿ .252. ನಮ್ಮ ಲೆಕ್ಕದಲ್ಲಿ ಹೇಳಬೇಕಾದರೆ ನಾಲ್ಕು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಮೊದಲ ಬೇಸನ್ನಾದರೂ ಮುಟ್ಟುವುದು. ಆದರೆ ಕೊನೆಯ ವರ್ಷ, 1919ರಲ್ಲಿ, ಬೋಸ್ಟನ್ ಬ್ರೇವ್ಸ್ ತಂಡ ಅವನಿಗೆ ಬಿಡದೆ ಆಡುವ ಅವಕಾಶ ಕೊಟ್ಟಾಗ ಸರಾಸರಿ .327ಕ್ಕೆ ಹೋಯಿತು. ಬೆಂಚಿನ ಮೇಲೆ ಕೂತವನಿಗೆ ತಿರುಗುವ ಚೆಂಡು ಎಲ್ಲಿಂದ ಅಭ್ಯಾಸವಾಗಬೇಕು?

1917ರ ಮೇ 2ರ ಪಂದ್ಯವನ್ನು ನಾನು ಬಾಯಿಪಾಠ ಒಪ್ಪಿಸಬಲ್ಲೆ. ಜೈಂಟ್ಸ್ ಅವನನ್ನು ಆಗ ಸಿನ್ಸಿನಾಟಿ ರೆಡ್ಸ್ ತಂಡಕ್ಕೆ ದಾಟಿಸಿತ್ತು, ಪಂದ್ಯ ಶಿಕಾಗೋದಲ್ಲಿ. ಒಂಬತ್ತು ಇನ್ನಿಂಗ್ಸ್ ಮುಗಿದರೂ ಎರಡೂ ಕಡೆ ಒಂದೇ ಒಂದು ಹಿಟ್ ಇಲ್ಲ. ನಮ್ಮ ಕ್ರಿಕೆಟ್ಟಿನಲ್ಲಿ ಇದಕ್ಕೆ ಹೋಲಿಕೆಯೇ ಸಿಗುವುದಿಲ್ಲ. ಸಿನ್ಸಿನಾಟಿಯ ಫ್ರೆಡ್ ಟೋನಿ, ಶಿಕಾಗೋದ ಹಿಪ್ಪೋ ವಾನ್, ಇಬ್ಬರು ಎಸೆಗಾರರೂ ಬಂಡೆಗಳಂಥ ಆಳುಗಳು. ಹತ್ತನೇ ಇನ್ನಿಂಗ್ಸಿನಲ್ಲಿ ಸಿನ್ಸಿನಾಟಿಯ ಲ್ಯಾರಿ ಕಾಫ್ ಹೇಗೋ ಮೂರನೇ ಬೇಸ್ ಮುಟ್ಟಿದ. ಆಗ ಥೋರ್ಪನ ಸರದಿ. ಜಗತ್ತಿನ ಮಹಾ ಕ್ರೀಡಾಪಟು ಬ್ಯಾಟ್ ಬೀಸಿದ; ಚೆಂಡು ಬ್ಯಾಟಿನ ತುದಿಗೆ ತಾಗಿ, ಕಣದಲ್ಲಿ ಕಾಲಿಗೆ ಸಿಕ್ಕ ಕಾಫಿ ಬೀಜದ ಹಾಗೆ ನಾಲ್ಕು ಹೆಜ್ಜೆ ಉರುಳಿತು. ವಾನ್ ಓಡಿ ಬಂದು ಹೆಕ್ಕಿದ. ಇವನ ಓಟ ಗೊತ್ತಿದ್ದುದರಿಂದ ಮೊದಲ ಬೇಸ್ ಕಡೆ ಎಸೆದು ಪ್ರಯೋಜನವಿಲ್ಲ ಅಂತ ಬ್ಯಾಟಿನ ಹಿಂದೆ ನಿಲ್ಲುವ ಕ್ಯಾಚರಿಗೆ ಎಸೆದ. ಕ್ಯಾಚರ್ ತಬ್ಬಿಬ್ಬಾಗಿ ನಿಂತ. ಮೂರನೇ ಬೇಸಿನಿಂದ ಓಡಿ ಬಂದ ಕಾಫ್ ದಾಟಿದ, ಒಂದು ರನ್. 1-0. ಗೆಲ್ಲಿಸಿದ್ದು ಆ ಪುಟಾಣಿ ಹಿಟ್, ಅದನ್ನು ಹಿಟ್ ಮಾಡಿಸಿದ್ದು ಅವನ ಕಾಲಿನ ಹೆದರಿಕೆ.

ಮೊದಲ ಸಲ ಓದಿದಾಗ ನಾನು ಎದ್ದು ಕೂತ ಸಂಗತಿ ಇನ್ನೊಂದಿದೆ. 1913-14ರ ಚಳಿಗಾಲದಲ್ಲಿ ಜೈಂಟ್ಸ್ ಮತ್ತು ಶಿಕಾಗೋ ವೈಟ್ ಸಾಕ್ಸ್ ತಂಡಗಳು ಹಡಗು ಹತ್ತಿ ಲೋಕ ಸುತ್ತಿದವು. ಹೊಸದಾಗಿ ಮದುವೆಯಾಗಿದ್ದ ಥೋರ್ಪ್ ಹೆಂಡತಿಯನ್ನೂ ಕರೆದುಕೊಂಡಿದ್ದ. ಜಪಾನ್, ಆಸ್ಟ್ರೇಲಿಯಾ ಆಗಿ 1914ರ ಜನವರಿಯಲ್ಲಿ ಕೊಲಂಬೊಗೆ ಬಂದು ಅಲ್ಲೂ ಆಡಿದರು. ಕೊಲಂಬೊ! ನಮ್ಮ ಕಾವೇರಿಯ ನೀರು ಸೇರುವ ಸಮುದ್ರದ ಆಚೆಗಿನ ದ್ವೀಪದಲ್ಲಿ. ಆ ಇಂಡಿಯನ್ ಇಂಡಿಯಾಕ್ಕೆ ಅಷ್ಟು ಹತ್ತಿರ ಬಂದು, ಅಲ್ಲಿಂದಲೇ ಪಶ್ಚಿಮಕ್ಕೆ ಹೋಗಿಬಿಟ್ಟ.

ಮುಂದಿನದು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಲು ಖುಷಿಯಿಲ್ಲ. 1915ರಿಂದ ಕ್ಯಾಂಟನ್ ಬುಲ್‌ಡಾಗ್ಸ್ ತಂಡಕ್ಕೆ ಪಂದ್ಯಕ್ಕೆ 250 ಡಾಲರಿನಂತೆ ಫುಟ್‌ಬಾಲ್ ಆಡಿದ, ಈ ಸಲ ಯಾರ ಅಡ್ಡಿಯೂ ಇಲ್ಲ. 1920ರಲ್ಲಿ ಕ್ಯಾಂಟನ್ನಿನ ಒಂದು ಕಾರು ಶೋರೂಮಿನಲ್ಲಿ ತಂಡಗಳ ಮಾಲೀಕರು ಸೇರಿ ಒಂದು ಒಕ್ಕೂಟ ಕಟ್ಟಿ ಅವನನ್ನೇ ಮೊದಲ ಅಧ್ಯಕ್ಷನನ್ನಾಗಿ ಮಾಡಿದರು. ಅಮೆರಿಕನ್ ಫುಟ್‌ಬಾಲಿನ ಈಗಿನ ದೊಡ್ಡ ಲೀಗ್ ಎನ್‌ಎಫ್‌ಎಲ್ ಅದೇ. ಆಟ ನಿಂತ ಮೇಲೆ ಮಣ್ಣು ಅಗೆಯುವ ಕೂಲಿಯನ್ನೂ ಮಾಡಿದ, ಸಿನಿಮಾಗಳಲ್ಲಿ ಗುಂಪಿನ ಮಧ್ಯೆ ಇಂಡಿಯನ್ ಆಗಿಯೂ ನಿಂತ. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತವಾಗಿ ಸತ್ತ. ಸತ್ತ ಮೇಲೂ ಪೆನ್ಸಿಲ್ವೇನಿಯಾದ ಒಂದು ಊರು ಅವನ ದೇಹ ತರಿಸಿಕೊಂಡು ಹೂಳಿ, ತನ್ನ ಹೆಸರನ್ನೇ ಜಿಮ್ ಥೋರ್ಪ್ ಅಂತ ಬದಲಾಯಿಸಿಕೊಂಡಿತು. ಅವನ ಮಕ್ಕಳು ಮೂಳೆಗಳನ್ನು ತಮ್ಮ ನೆಲಕ್ಕೆ ಕೊಡಿ ಅಂತ ಕೋರ್ಟಿಗೆ ಹೋಗಿ ಸೋತರು.

1983ರಲ್ಲಿ ಕೊಟ್ಟದ್ದೂ ಅರ್ಧ ನ್ಯಾಯ. ಎರಡನೆಯವರಾಗಿ ಬಂದವರ ಜೊತೆ ಇವನೂ ಜಂಟಿ ವಿಜೇತ ಅಂತ ಬರೆದುಕೊಂಡಿದ್ದರು. 2022ರ ಜುಲೈನಲ್ಲಿ ಒಲಿಂಪಿಕ್ ಸಮಿತಿ ಎರಡೂ ಸ್ಪರ್ಧೆಗೆ ಅವನೊಬ್ಬನೇ ವಿಜೇತ ಅಂತ ಘೋಷಿಸಿತು.

ಅವತ್ತು ಇಲ್ಲಿ ಕರೆಂಟು ಹೋಗಿ ಮೂರು ದಿನವಾಗಿತ್ತು. ತೋಟದ ದಾರಿಗೆ ಬಳಂಜಿ ಮರ ಬಿದ್ದು, ನಾನು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಕೊಂಬೆ ಕಡಿಸುತ್ತಾ ನಿಂತಿದ್ದೆ, ಕಾಲ ತುಂಬಾ ಜಿಗಣೆ. ಎತ್ತರದಲ್ಲಿ ನಿಂತಿದ್ದರಿಂದಲೋ ಏನೋ ಫೋನಿಗೆ ಎರಡು ಕಡ್ಡಿ ನೆಟ್‌ವರ್ಕ್ ಬಂದು ರಿಂಗಾಯಿತು. ಪಿ.ಟಿ. ಮಾಸ್ತರು. ಎಂಬತ್ತು ದಾಟಿದೆ, ಮಗಳ ಮನೆಯಲ್ಲಿ ಮೈಸೂರಿನಲ್ಲಿದ್ದಾರೆ.

"ಪೇಪರ್ ನೋಡಿದ್ಯಾ? ನಮ್ ಇಂಡಿಯನ್‌ಗೆ ಪೂರ್ತಿ ಕೊಟ್ರು ಕಣೋ."

"ಇಲ್ಲಿ ಪೇಪರೇ ಬಂದಿಲ್ಲ ಸಾರ್, ಮಳೆ."

ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ಕೇಳಿದರು, "ಅಲ್ಲಾ, ಆ ನಲವತ್ತು ರೂಪಾಯಿ ಏನ್ ಮಾಡ್ದೆ ನೀನು? ಕೇಳ್ಬೇಕು ಅಂತಿದ್ದೆ, ಮರ್ತೇ ಹೋಗ್ತಿತ್ತು."

"ಬೂಟು ತಗೊಂಡೆ ಸಾರ್, ವಿರಾಜಪೇಟೆಯಲ್ಲಿ. ನನ್ನ ಸೈಜ್ ಇರಲಿಲ್ಲ. ಒಂದು ಸೈಜ್ ದೊಡ್ಡದು."

"ಮತ್ತೆ?"

"ಮುಂದೆ ಪೇಪರ್ ತುರುಕಿಕೊಂಡು ಹಾಕ್ತಿದ್ದೆ."

ಮಾಸ್ತರು ನಗುವುದು ಕೇಳಿಸುತ್ತಿದ್ದ ಹಾಗೇ ನೆಟ್‌ವರ್ಕ್ ಹೋಯಿತು.